ಮೊಣಕಾಲುದ್ದ ನೀರಿನ ಗೋದಾವರಿ

ಅಕ್ಟೋಬರ್ 15. ಯಾವ ಹಕ್ಕಿ ಪುಸ್ತಕದಲ್ಲೂ ಈ ತಾರೀಖು ಸಿಗುವುದಿಲ್ಲ. ಆದರೂ ನಾಸಿಕ್ ಜಿಲ್ಲೆಯ ನಾಂದೂರ್ ಮಧ್ಯಮೇಶ್ವರ ಪಕ್ಷಿಧಾಮಕ್ಕೆ ಕ್ಯಾಮೆರಾ ಹೊತ್ತು ಹೊರಡುವವರು ಮೊದಲು ವಿಚಾರಿಸಬೇಕಾದದ್ದು ಅಂದಿನ ಸಂಗತಿಯನ್ನು. ಆ ದಿನ ಗೋದಾವರಿಯ ಕೆಳಗಿನ ಪೈಠಣದ ಜಾಯಕವಾಡಿ ಅಣೆಕಟ್ಟಿನಲ್ಲಿ ಶೇ 65ಕ್ಕಿಂತ ಕಡಿಮೆ ನೀರಿದ್ದರೆ ಮೇಲಿನ ನಾಸಿಕ್, ಅಹಿಲ್ಯಾನಗರ ಜಿಲ್ಲೆಗಳ ಅಣೆಕಟ್ಟುಗಳು ಗೇಟು ಎತ್ತಬೇಕು. ಮೇಂಢೆಗಿರಿ ಸಮಿತಿಯ ವರದಿ ಆಧರಿಸಿ ಮಹಾರಾಷ್ಟ್ರದ ಜಲಸಂಪತ್ತು ನಿಯಂತ್ರಣ ಪ್ರಾಧಿಕಾರ 2014ರಲ್ಲಿ ಹಾಕಿದ ಗೆರೆ ಅದು. ಮೇಲಿನವರು ದ್ರಾಕ್ಷಿ, ಕಬ್ಬು ಎನ್ನುತ್ತಾರೆ. ಕೆಳಗಿನ ಮರಾಠವಾಡದವರು ಕುಡಿಯುವ ನೀರು ಎನ್ನುತ್ತಾರೆ. ಕಾವೇರಿಯ ಜಗಳ ಕೇಳುತ್ತಲೇ ಬೆಳೆದ ನಮಗೆ ಈ ವಾದ ಹೊಸದೇನಲ್ಲ. ಇಲ್ಲಿ ಎರಡು ಕಡೆಯವರೂ ಒಂದೇ ರಾಜ್ಯದವರು, ಅಷ್ಟೇ ವ್ಯತ್ಯಾಸ.

ಗಂಗಾಪುರ, ದಾರಣಾ ಅಣೆಕಟ್ಟುಗಳಿಂದ ಬಿಟ್ಟ ನೀರು ಪೈಠಣಕ್ಕೆ ಹೋಗುವ ದಾರಿಯಲ್ಲೇ ನಾಂದೂರ್ ಮಧ್ಯಮೇಶ್ವರದ ಒಡ್ಡು ಇದೆ. ಗೇಟು ಎತ್ತಿದರೆ ಇಲ್ಲಿನ ಕೆಸರು ದಿಬ್ಬಗಳು ಮುಳುಗುತ್ತವೆ. ಇಳಿಸಿದ ಮೇಲೆ ಮತ್ತೆ ಮೇಲೇಳುತ್ತವೆ. ಕೆಸರಿನ ಮೇಲೆ ನೀರು ಒಂದು ಗೇಣು ನಿಂತಿದೆಯೋ ಎರಡು ಮೊಳ ನಿಂತಿದೆಯೋ ಎಂಬುದರ ಮೇಲೆ ಅಲ್ಲಿ ಗೊರವ ಇರುತ್ತದೋ ಬಾತು ಇರುತ್ತದೋ ತೀರ್ಮಾನವಾಗುತ್ತದೆ. ಚಾಪಡಗಾಂವ್‌ನ ವೀಕ್ಷಣಾ ಗೋಪುರದ ಬಳಿ ನಮಗೆ ದಾರಿ ತೋರಿಸಲು ಬಂದ ಸ್ಥಳೀಯ ಯುವಕ ದುರ್ಬೀನು ತೆಗೆಯುವ ಮೊದಲು ದಡದ ಒಂದು ಕಲ್ಲನ್ನು ನೋಡಿದ. ಕಲ್ಲಿನ ಮೇಲೆ ನಿನ್ನೆಯ ಒದ್ದೆ ಗುರುತು ಇತ್ತು.

"ನೀರು ಇಳಿದಿದೆ ಸರ್. ಇವತ್ತು ಚಮಚ ಕೊಕ್ಕಿನವು ಈ ಕಡೆ ಬರ್ತವೆ" ಎಂದ.

"ಹೆಬ್ಬಾತು ಸಿಗತ್ತಾ ಭಾವೂ?"

"ಅವು ರಾತ್ರಿಯೆಲ್ಲ ಹೊಲದಲ್ಲಿ ಮೇಯ್ದು ಈಗ ನಿದ್ದೆಗೆ ಬರೋ ಹೊತ್ತು. ನಡುಗಡ್ಡೆ ಮೇಲೆ ನೋಡೋಣ."

ನಾನು ಕ್ಯಾಮೆರಾ ಹಿಡಿದು ನೋಡಿದ ಜೌಗುಗಳಲ್ಲಿ ಇಷ್ಟು ಸಲೀಸಾಗಿ ನೀರಿನ ಲೆಕ್ಕ ಹೇಳುವವರು ಕಡಿಮೆ. ಸಾಮಾನ್ಯವಾಗಿ ನಮಗೆ ಸಿಗುವುದು ಹಕ್ಕಿಗಳ ಪಟ್ಟಿ: ಇಷ್ಟು ಜಾತಿ, ಇಷ್ಟು ವಲಸೆಯವು. ಪಟ್ಟಿ ಹಿಡಿದು ಹೋದವನಿಗೆ ಪಟ್ಟಿಯಲ್ಲಿರುವುದಷ್ಟೇ ಕಾಣುತ್ತದೆ. ನೀರಿನ ಆಳ ಹಿಡಿದು ಹೋದರೆ ಪಟ್ಟಿಯ ಹೊರಗಿನವೂ ಕಾಣುತ್ತವೆ. ಆಮೆ, ನೀರುಹಾವು, ಉಡ ಆ ಹೊರಗಿನವು.

ಹೂಳು ಕಟ್ಟಿದ ಊರು

ಗೋದಾವರಿಗೆ ಕಡವಾ ನದಿ ಸೇರುವಲ್ಲಿ, ನಿಫಾಡ್ ತಾಲ್ಲೂಕಿನಲ್ಲಿ, ಬ್ರಿಟಿಷರ ಕಾಲದಲ್ಲಿ, ಕಳೆದ ಶತಮಾನದ ಆರಂಭಕ್ಕೆ ಕಟ್ಟಿದ ಕಲ್ಲಿನ ಒಡ್ಡು ಇದು. ನದಿಯ ಎಡಕ್ಕೂ ಬಲಕ್ಕೂ ಕಾಲುವೆ ಹರಿಸಿ ಬರದ ಸೀಮೆಗೆ ನೀರು ಕೊಡುವುದು ಉದ್ದೇಶ. ಹಕ್ಕಿಯ ಯೋಚನೆ ಯಾರಿಗೂ ಇರಲಿಲ್ಲ. ಎರಡೂ ನದಿಗಳು ಹೊತ್ತು ತಂದ ಮಣ್ಣು ಒಡ್ಡಿನ ಹಿಂದೆ ವರ್ಷದಿಂದ ವರ್ಷಕ್ಕೆ ಕೂರುತ್ತ ಬಂತು. ನೀರಾವರಿ ಎಂಜಿನಿಯರನ ಲೆಕ್ಕದಲ್ಲಿ ಹೂಳು ಎಂದರೆ ನಷ್ಟ. ಆದರೆ ಅದೇ ಹೂಳು ಇಲ್ಲಿ ದಿಬ್ಬವಾಗಿ, ನಡುಗಡ್ಡೆಯಾಗಿ, ಜೊಂಡಾಗಿ, ಬಸವನಹುಳುವಾಗಿ ಹಕ್ಕಿಗಳಿಗೆ ದಕ್ಕಿತು. 1986ರಲ್ಲಿ ಸುಮಾರು 100 ಚದರ ಕಿಲೋಮೀಟರ್ ಪಕ್ಷಿಧಾಮವೆಂದು ಘೋಷಣೆಯಾಯಿತು. 2019ರಲ್ಲಿ 1437 ಹೆಕ್ಟೇರ್ ಜಾಗತಿಕ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿಗೆ ಸೇರಿ ಮಹಾರಾಷ್ಟ್ರದ ಮೊದಲ ರಾಮ್ಸಾರ್ ತಾಣವೆನಿಸಿತು. ನಮ್ಮ ರಂಗನತಿಟ್ಟು ಆ ಪಟ್ಟಿಗೆ ಸೇರಿದ್ದು 2022ರಲ್ಲಿ. ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಅಘನಾಶಿನಿ ಅಳಿವೆ ಸೇರಿದ್ದು 2024ರಲ್ಲಿ ಪ್ರಕಟವಾಯಿತು. ರಾಮ್ಸಾರ್ ದಾಖಲೆಯ ಪ್ರಕಾರ ನಾಂದೂರಿನಲ್ಲಿ ಗಿಡ, ಮೀನು, ಹಕ್ಕಿ, ಪ್ರಾಣಿ ಎಲ್ಲ ಸೇರಿ 536 ಜಾತಿಯ ಜೀವಿಗಳಿವೆ. ಅದರಲ್ಲಿ ದೇವಳಾಲಿ ಮಿನ್ನೋ ಎಂಬ, ನಾಸಿಕ್ ಪಕ್ಕದ ದೇವಳಾಲಿಯ ಹೆಸರಿನ, ಅಳಿವಿನಂಚಿನ ಪುಟ್ಟ ಮೀನೂ ಇದೆ. ಚಿರತೆಯೂ ಇದೆ. ಕಬ್ಬಿನ ಗದ್ದೆ ಇರುವ ಕಡೆ ಚಿರತೆ ಇರುವುದು ಈ ಸೀಮೆಯಲ್ಲಿ ಯಾರಿಗೂ ಸುದ್ದಿಯೇ ಅಲ್ಲ.

ಸಲೀಂ ಅಲಿ ಇದನ್ನು ಮಹಾರಾಷ್ಟ್ರದ ಭರತಪುರ ಎಂದರಂತೆ. ಊರಿನ ಪ್ರತಿ ಫಲಕವೂ ಅದನ್ನು ಹೇಳುತ್ತದೆ. ಹೊಗಳಿಕೆ ದೊಡ್ಡದೇ, ಆದರೆ ಇನ್ನೊಂದು ಊರಿನ ಹೆಸರನ್ನು ಹೊದಿಸಿದ ಹೊಗಳಿಕೆ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಭರತಪುರ ರಾಜರ ಬೇಟೆಯ ತಾಣವಾಗಿತ್ತು. ಇದು ರೈತರ ಕಾಲುವೆಯ ಮೂಲ. ಗೋಪುರದಿಂದ ಒಂದು ಕಡೆ ತಿರುಗಿದರೆ ಕೊಕ್ಕರೆಗಳು, ಇನ್ನೊಂದು ಕಡೆ ತಿರುಗಿದರೆ ಈರುಳ್ಳಿ ಮಡಿಗಳು. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಲಾಸಲಗಾಂವ್ ಈರುಳ್ಳಿ ಮಾರುಕಟ್ಟೆ ಇರುವುದು ಇದೇ ತಾಲ್ಲೂಕಿನಲ್ಲಿ.

ಕರ್ನಾಟಕದ ಹಕ್ಕಿ ಛಾಯಾಗ್ರಾಹಕರು ರಾಜಹಂಸ ಬೇಕೆಂದರೆ ಸಾಮಾನ್ಯವಾಗಿ ಹೋಗುವುದು ಪುಣೆ ಜಿಲ್ಲೆಯ ಭಿಗವಣಕ್ಕೆ, ಉಜನಿ ಹಿನ್ನೀರಿಗೆ. ಅದು ಭೀಮೆಯ ನೀರು. ಮುಂದೆ ಹರಿದು ನಮ್ಮ ಅಫಜಲಪುರಕ್ಕೆ ಬರುವುದೇ. ಗೋದಾವರಿಯವರೆಗೆ ಹೋಗುವವರು ವಿರಳ. ಹಾಗೆ ನೋಡಿದರೆ ಗೋದಾವರಿ ನಮಗೆ ಅಷ್ಟು ದೂರದವಳಲ್ಲ. ಬೀಡ್ ಜಿಲ್ಲೆಯ ಬಾಲಾಘಾಟದಲ್ಲಿ ಹುಟ್ಟುವ ಮಾಂಜ್ರಾ ಬೀದರ್ ಜಿಲ್ಲೆಯನ್ನು ಹಾಯ್ದು ಗೋದಾವರಿಗೇ ಸೇರುತ್ತದೆ. ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ಸೊಲ್ಲಾಪುರ, ದೌಂಡ್ ಕಳೆದು ಕೋಪರಗಾಂವ್, ಮನಮಾಡ ಬರುತ್ತದೆ. ಮನಮಾಡದಲ್ಲಿ ಇಳಿದು ನಾಸಿಕ್ ಕಡೆಯ ಗಾಡಿ ಹಿಡಿದರೆ ನಿಫಾಡ್. ಸ್ವೆಟರ್ ಮರೆಯಬಾರದು. ಚಳಿಗಾಲದ ಮಹಾರಾಷ್ಟ್ರದಲ್ಲಿ ಅತಿ ಕಡಿಮೆ ಉಷ್ಣಾಂಶ ದಾಖಲಾಯಿತೆಂದು ಪತ್ರಿಕೆಗಳಲ್ಲಿ ಪದೇ ಪದೇ ಬರುವ ಹೆಸರು ನಿಫಾಡ್. ಪಾದರಸ ಒಂದಂಕಿಗೆ ಇಳಿದರೆ ದ್ರಾಕ್ಷಿ ಬೆಳೆಗಾರರು ಬೆಳಗಿನ ಜಾವ ತೋಟದಲ್ಲಿ ಬೆಂಕಿ ಹಾಕಿ ಗೊಂಚಲು ಕಾಯುತ್ತಾರೆ. ಆ ಹೊಗೆ ಮಂಜಿನೊಂದಿಗೆ ಬೆರೆತು ನೀರಿನ ಮೇಲೆ ಕೂತರೆ ಬೆಳಕು ಮೆತ್ತಗಾಗಿ ಚಿತ್ರಕ್ಕೆ ಅನುಕೂಲ. ಬೆಳೆಗಾರನ ಕಷ್ಟದ ರಾತ್ರಿ ನಮಗೆ ಒಳ್ಳೆಯ ಬೆಳಗು.

ಕರಿಯ ಹಕ್ಕಿ, ಬಿಳಿಯ ಹಕ್ಕಿ

ಗೋಪುರದ ಮೇಲಿಂದ ತೆಗೆದ ಹಕ್ಕಿ ಚಿತ್ರಗಳು ಎಲ್ಲ ಕಡೆಯೂ ಒಂದೇ ರೀತಿ ಕಾಣುತ್ತವೆ. ಬೆನ್ನು ಕಾಣುತ್ತದೆ, ಕಣ್ಣು ಕಾಣುವುದಿಲ್ಲ. ಗೋಪುರ ಇರುವುದು ನೋಡುವುದಕ್ಕೆ, ಎಣಿಸುವುದಕ್ಕೆ. ಚಿತ್ರ ಬೇಕೆಂದರೆ ಕೆಳಗಿಳಿಯಬೇಕು. ದಡದ ಮೇಲೆ ಗೋಣಿಚೀಲ ಹಾಸಿ, ಹೊಟ್ಟೆಯ ಮೇಲೆ ಮಲಗಿ, ಅವರೆಯೋ ಅಕ್ಕಿಯೋ ತುಂಬಿದ ಪುಟ್ಟ ಚೀಲದ ಮೇಲೆ ಲೆನ್ಸ್ ಕೂರಿಸಿ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಬರಬೇಕು. ಆಗ ಹಿಂದಿನ ಜೊಂಡು ಕರಗಿ ಹಸಿರು ಮಂಜಾಗುತ್ತದೆ, ಮುಂದಿನ ನೀರು ಕರಗಿ ಬೆಳ್ಳಿಯಾಗುತ್ತದೆ, ನಡುವೆ ಹಕ್ಕಿ ಮಾತ್ರ ನಿಲ್ಲುತ್ತದೆ. ಇದಕ್ಕೆ 500 ಮಿಲಿಮೀಟರ್ ಆಸುಪಾಸಿನ ಲೆನ್ಸ್ ಸಾಕು. ಅದಕ್ಕಿಂತ ಉದ್ದದ್ದು ಇದ್ದರೂ ಒಂಬತ್ತೂವರೆ ಹೊತ್ತಿಗೆ ನೀರಿನಿಂದ ಏಳುವ ಬಿಸಿಗಾಳಿ ದೂರದ ಹಕ್ಕಿಯನ್ನು ಅಲುಗಾಡಿಸಿ ಕೆಡಿಸುತ್ತದೆ. ಎಷ್ಟು ಲಕ್ಷದ ಲೆನ್ಸ್ ಆದರೂ ಕಾದ ಗಾಳಿಯ ಮುಂದೆ ನಡೆಯುವುದಿಲ್ಲ. ಇದನ್ನು ಅಂಗಡಿಯವರು ಹೇಳುವುದಿಲ್ಲ.

ನಾಂದೂರಿನಲ್ಲಿ ಕಣ್ಣಿಗೆ ಮೊದಲು ಬೀಳುವುದು ನಾಮದ ಕೋಳಿ. ಮೈಯೆಲ್ಲ ಕಪ್ಪು, ಹಣೆಯ ಮೇಲೆ ಬಿಳಿ ಪಟ್ಟಿ. ನೂರಾರು ಒಟ್ಟಿಗೆ ತೇಲುತ್ತಿರುತ್ತವೆ. ಸಾಮಾನ್ಯ ಹಕ್ಕಿಯೆಂದು ಯಾರೂ ಅದರತ್ತ ಲೆನ್ಸ್ ತಿರುಗಿಸುವುದಿಲ್ಲ. ಆದರೆ ಬೆಳಕು ಅಳೆಯಲು ಕಲಿಯುವವರಿಗೆ ಇದರಷ್ಟು ಕಟ್ಟುನಿಟ್ಟಿನ ಮೇಷ್ಟ್ರು ಇನ್ನೊಬ್ಬರಿಲ್ಲ. ಹೊಳೆಯುವ ನೀರಿನ ನಡುವೆ ಕರಿಯ ಹಕ್ಕಿ ಇದ್ದರೆ ಕ್ಯಾಮೆರಾ ನೀರಿನ ಹೊಳಪಿಗೆ ಹೆದರಿ ಚಿತ್ರವನ್ನೆಲ್ಲ ಕಪ್ಪಾಗಿಸುತ್ತದೆ. ಹಕ್ಕಿ ಮಸಿಯ ಮುದ್ದೆಯಾಗುತ್ತದೆ. ಬೆಳಕನ್ನು ಒಂದು ಮೆಟ್ಟಿಲು ಹೆಚ್ಚಿಸಿದರೆ ಗರಿಯ ಬೂದು, ಕಣ್ಣಿನ ಕೆಂಪು ಎದ್ದುಬರುತ್ತದೆ. ಬಿಳಿಯ ಹಕ್ಕಿಗೆ ಇದರ ತದ್ವಿರುದ್ಧ. ಕಪ್ಪು ನೀರಿನ ನೆರಳಲ್ಲಿ ಚಮಚ ಕೊಕ್ಕಿನ ಕೊಕ್ಕರೆ ನಿಂತಿರುವಾಗ ಬೆಳಕು ತಗ್ಗಿಸದಿದ್ದರೆ ಗರಿಗಳೆಲ್ಲ ಸುಣ್ಣದ ಗೋಡೆಯಾಗುತ್ತವೆ. ನೀಲಿ ನೇರಳೆಯ ಜಂಬುಕೋಳಿ ಇವೆರಡರ ನಡುವಿನದು. ಜೊಂಡಿನ ದಂಟನ್ನು ಕಾಲಿನ ಬೆರಳಲ್ಲಿ ಹಿಡಿದು, ಸಿಪ್ಪೆ ಸುಲಿದು, ಒಳಗಿನ ಬಿಳಿ ತಿರುಳು ತಿನ್ನುವ ಅದರ ಗತ್ತು ನೋಡಲೇಬೇಕು.

ನೀರಿನ ಆಳದ ಸಂಗತಿಗೆ ಬರೋಣ. ಅಂಗುಲದಷ್ಟು ನೀರು ಹರಡಿದ ಕೆಸರಿನ ಮೇಲೆ ಗುಬ್ಬಚ್ಚಿ ಗಾತ್ರದ ಗೊರವಗಳು ಹೊಲಿಗೆ ಯಂತ್ರದಂತೆ ಕೊಕ್ಕು ಚುಚ್ಚುತ್ತ ಓಡುತ್ತವೆ. ಅಲ್ಲಿಂದ ನಾಲ್ಕು ಹೆಜ್ಜೆ ಒಳಗೆ, ಗೇಣುದ್ದದ ನೀರಿನಲ್ಲಿ, ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ, ಕರಿಬಾಲದ ಗಾಡ್ವಿಟ್. ಇನ್ನೂ ಒಳಗೆ ಮಿಂಚು ಕೆಂಬರಲು, ಬಣ್ಣದ ಕೊಕ್ಕರೆ, ಕೊಕ್ಕನ್ನು ಅತ್ತಿತ್ತ ಬೀಸಿ ನೀರು ಸೋಸುವ ಚಮಚ ಕೊಕ್ಕಿನವು. ಅದರಾಚೆ ತಲೆ ಕೆಳಗಾಗಿಸಿ ಬಾಲ ಮೇಲೆತ್ತಿ ಮೇಯುವ ಸೂಜಿಬಾಲದ ಬಾತುಗಳು. ಪೂರ್ತಿ ಮುಳುಗುವವು ಇನ್ನೂ ಆಚೆ. ಬಾಯ್ಕಳಕ ಕೊಕ್ಕರೆ ಮಾತ್ರ ಬಸವನಹುಳು ಸಿಕ್ಕಿದ ಕಡೆಯೆಲ್ಲ. ಗೇಟು ಎತ್ತಿ ನೀರು ಎರಡು ಗೇಣು ಏರಿದರೆ ಈ ಪಂಕ್ತಿ ಇಡಿಯಾಗಿ ಸರಿಯುತ್ತದೆ. ಮುಂದಿನವರು ಹೊಲದ ಬದುವಿಗೆ ಬರುತ್ತಾರೆ, ಹಿಂದಿನವರಿಗೆ ಜಾಗ ಸಿಗುತ್ತದೆ. ನಿನ್ನೆ ಗೊರವ ಇದ್ದ ಜಾಗದಲ್ಲಿ ಇವತ್ತು ಬಾತು ಇದ್ದರೆ ಹಕ್ಕಿ ಬದಲಾಯಿತೆನ್ನುತ್ತೇವೆ. ಬದಲಾಗಿದ್ದು ನೀರು.

ಹಾರುವ ಚಿತ್ರ ಬೇಕೆಂದು ಕಲ್ಲೆಸೆಯುವ, ಕೂಗುವ ಜನ ಎಲ್ಲ ಕೆರೆಗಳಲ್ಲೂ ಇದ್ದಾರೆ. ಇಲ್ಲಿ ಅದರ ಅಗತ್ಯವೇ ಇಲ್ಲ. ಜೌಗು ಸೆಳೆವ ಇದೆ. ಜೊಂಡಿನ ಮೇಲೆ ತೀರಾ ಕೆಳಗೆ ತೇಲಿಕೊಂಡು ಬರುವ ಈ ಗಿಡುಗ ದಿನಕ್ಕೆ ಹಲವು ಬಾರಿ ಜೌಗಿನ ಮೇಲೆ ಸುತ್ತು ಹಾಕುತ್ತದೆ. ಅದು ಬಂದ ಸುದ್ದಿ ನಾಮದ ಕೋಳಿಗಳಿಗೆ ಮೊದಲು ಗೊತ್ತಾಗುತ್ತದೆ. ಹರಡಿಕೊಂಡಿದ್ದವು ಒತ್ತಾಗಿ ಒಂದು ಕರಿಯ ಚಾಪೆಯಾಗುತ್ತವೆ. ಆ ಚಾಪೆ ಕಂಡ ಕೂಡಲೇ ಷಟರ್ ವೇಗವನ್ನು ಎರಡು ಸಾವಿರದ ಒಂದಂಶಕ್ಕೆ ಏರಿಸಿಕೊಂಡು ಕಾದರೆ ಆಯಿತು. ಬಾತುಗಳು ಏಳುತ್ತವೆ, ಗಾಡ್ವಿಟ್‌ಗಳು ಏಳುತ್ತವೆ, ಅರ್ಧ ಆಕಾಶ ತುಂಬುತ್ತದೆ. ನಡುಗಡ್ಡೆಯ ಮೇಲೆ ಒಂದು ಕಾಲಲ್ಲಿ ನಿದ್ದೆ ಮಾಡುವ ಪಟ್ಟೆತಲೆ ಹೆಬ್ಬಾತುಗಳು ಮಾತ್ರ ಕತ್ತೆತ್ತಿ ನೋಡಿ ಸುಮ್ಮನಾಗುತ್ತವೆ. ಹಿಮಾಲಯ ದಾಟಿ ಬಂದವರಿಗೆ ಗಿಡುಗ ಯಾವ ಲೆಕ್ಕ! ಮಾಗಡಿ ಕೆರೆಯಲ್ಲೂ ಇವುಗಳದು ಇದೇ ಠೀವಿ.

ಬಾಲದ ದೇವನಕ್ಕಿಯ ಬಗ್ಗೆ ಒಂದು ಮಾತು. ಅದರ ನೀಳ ಬಾಲದ ಚಿತ್ರ ಬೇಕೆಂದು ಚಳಿಗಾಲದಲ್ಲಿ ಬಂದವರಿಗೆ ಬಾಲವೇ ಇಲ್ಲದ ದೇವನಕ್ಕಿ ಸಿಗುತ್ತದೆ. ಬಾಲ ಬರುವುದು ಮಳೆಗಾಲದ ಸಂತಾನ ಋತುವಿಗೆ. ಆಗ ಎಲೆಯ ಮೇಲೆ ಮೊಟ್ಟೆಗೆ ಕಾವು ಕೊಡುವುದು ಗಂಡು. ಮಳೆಗಾಲದಲ್ಲಿ ಇಲ್ಲಿಗೆ ಹೋಗುವವರು ಯಾರೂ ಇಲ್ಲದ್ದರಿಂದ ಆ ಚಿತ್ರಗಳೂ ಕಡಿಮೆ.

ಮಿಸಳ್ ಹೊತ್ತಿಗೆ ಬರುವವರು

ಒಂಬತ್ತೂವರೆಗೆ ಬೆಳಕು ಗಡುಸಾಗುತ್ತದೆ. ಕ್ಯಾಮೆರಾದವರೆಲ್ಲ ಟ್ರೈಪಾಡ್ ಮಡಚಿ ಮಿಸಳ್ ಪಾವ್ ಹುಡುಕಿಕೊಂಡು ಹೊರಡುತ್ತಾರೆ. ನಾಸಿಕ್ ಮಿಸಳ್ ಬಗ್ಗೆ ನನ್ನ ತಕರಾರೇನಿಲ್ಲ. ಆದರೆ ಸರೀಸೃಪಗಳ ದಿನ ಶುರುವಾಗುವುದು ಆ ಹೊತ್ತಿಗೆ. ನಿಫಾಡಿನ ಚಳಿಯಲ್ಲಿ ರಾತ್ರಿಯೆಲ್ಲ ಸೆಟೆದುಕೊಂಡ ಮೈಗೆ ಬಿಸಿಲು ತಾಗದೆ ಅವು ಅಲುಗಾಡುವುದಿಲ್ಲ. ಹಕ್ಕಿಯ ಬೆಳಕು ಮುಗಿದ ಮೇಲೆ ಹಾವಿನ ಬೆಳಕು. ಒಂದೇ ಪ್ರವಾಸದಲ್ಲಿ ಎರಡನ್ನೂ ತೆಗೆಯುವುದೆಂದರೆ ಹೊಟ್ಟೆಯನ್ನು ಹನ್ನೊಂದರ ತನಕ ಕಾಯಿಸುವುದು.

ಮೊದಲು ಕಾಣುವುದು ನೀರುಹಾವು. ಮರಾಠಿಯವರ ದಿವಡ, ನಮ್ಮ ನೀರೊಳ್ಳೆ. ಅಂತರಗಂಗೆಯ ಎಲೆಗಳ ನಡುವೆ ತಲೆಯಷ್ಟೇ ಹೊರಗಿಟ್ಟು ಕೂತಿರುತ್ತದೆ. ಮೈ ಮೇಲೆ ಚದುರಂಗದ ಚೌಕಗಳು, ಕಣ್ಣಿನ ಕೆಳಗೆ ಓರೆಯಾಗಿ ಎರಡು ಕಪ್ಪು ಗೆರೆ. ಆ ಗೆರೆ ಸ್ಪಷ್ಟವಾಗಿ ಬಂದರೆ ಚಿತ್ರ ಗೆದ್ದಂತೆ. ನೀರಿನ ಹೊಳಪು ಅಡ್ಡ ಬರುವುದರಿಂದ ಲೆನ್ಸ್ ಮುಂದೆ ಪೋಲರೈಸರ್ ಗಾಜು ಹಾಕಿ ತಿರುಗಿಸಬೇಕು. ಹೊಳಪು ಕಳೆದ ಕೂಡಲೇ ನೀರೊಳಗಿನ ಮೈಯ ಸುರುಳಿಯೂ ಕಾಣುತ್ತದೆ. ವಿಷವಿಲ್ಲದ ಹಾವು, ಮೀನು, ಕಪ್ಪೆ ಇದರ ಆಹಾರ. ಆದರೆ ಸಿಟ್ಟು ಬಂದರೆ ಕತ್ತು ಚಪ್ಪಟೆ ಮಾಡಿ ನಾಗರನ ಹಾಗೆ ನಿಲ್ಲುತ್ತದೆ, ಹಿಡಿದರೆ ಕಚ್ಚುತ್ತದೆ. ಆ ನಟನೆಯಿಂದಲೇ ಎಷ್ಟೋ ನೀರುಹಾವುಗಳು ಬಡಿಗೆಯ ಪೆಟ್ಟಿಗೆ ಸಿಗುತ್ತವೆ.

ಆಮೆ ಇನ್ನೂ ಸೂಕ್ಷ್ಮ. ಇಲ್ಲಿಯದು ಚಿಪ್ಪು ಮೆತ್ತಗಿರುವ ಜಾತಿ. ಹೊಟ್ಟೆಯ ಕಡೆ ಚರ್ಮದ ಮುಚ್ಚಳಗಳಿದ್ದು ಕಾಲುಗಳನ್ನು ಒಳಗೆಳೆದುಕೊಂಡು ಮುಚ್ಚಿಕೊಳ್ಳಬಲ್ಲದು. ಒಡ್ಡಿನ ಕೆಳಗಿನ ಕಲ್ಲುಗಳ ಮೇಲೆ ಬಿಸಿಲು ಕಾಯಿಸುತ್ತ ಸಾಲಾಗಿ ಕೂರುತ್ತವೆ. ನೆರಳು ಬಿದ್ದರೆ, ಹೆಜ್ಜೆಯ ಅದುರು ತಟ್ಟಿದರೆ, ಎಲ್ಲವೂ ಒಮ್ಮೆಗೇ ನೀರಿಗೆ. ಹತ್ತಿರ ಹೋಗುವ ಆಸೆ ಬಿಟ್ಟು ಹಕ್ಕಿಗೆ ಬಳಸಿದ ಉದ್ದ ಲೆನ್ಸನ್ನೇ ಬಳಸಿ ದೂರದಲ್ಲಿ ಮಲಗುವುದು ಮೇಲು. ಬೇಸಿಗೆಯಲ್ಲಿ ನೀರು ಆರಿದರೆ ಇವು ಕೆಸರಿನೊಳಗೆ ಹೂತುಕೊಂಡು ತಿಂಗಳುಗಟ್ಟಲೆ ಮಳೆಗೆ ಕಾಯುತ್ತವೆ. ಕೆಸರಿಗೆ ಬಿತ್ತುವ ಕಾಲದಲ್ಲಿ ನೇಗಿಲಿಗೆ ಆಮೆ ಸಿಕ್ಕಿದ್ದನ್ನು ತಾನು ಕಂಡಿದ್ದೇನೆಂದು ನಮ್ಮ ಜೊತೆಗಿದ್ದ ಯುವಕ ಹೇಳಿದ. ಆಮೆಯೂ ಉಡವೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ, ಹುಲಿಯ ಜೊತೆಗೆ. ಕಾಗದದ ಮೇಲೆ ಸಮಾನರು.

ಉಡ ಎಂದರೆ ಮರಾಠಿಯಲ್ಲಿ ಘೋರ್ಪಡ್. ಬಹಮನಿಗಳ ಕಾಲದಲ್ಲಿ ಉಡಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತಿದ ಪೂರ್ವಜರಿಂದ ಘೋರ್ಪಡೆ ಎಂಬ ಹೆಸರು ಬಂತೆಂದು ಆ ಮನೆತನದ ಕಥೆ ಹೇಳುತ್ತದೆ. ಉಡದ ಪಟ್ಟಿನ ಮೇಲೆ ಒಬ್ಬ ಸೈನಿಕನ ಭಾರ ನಿಲ್ಲುತ್ತದೆಯೇ ಎಂಬ ಸಂಶಯವನ್ನು ಸದ್ಯಕ್ಕೆ ಬದಿಗಿಡೋಣ. ಮುಧೋಳ, ಸಂಡೂರುಗಳಲ್ಲಿ ಆಳಿದ ಆ ಹೆಸರಿನವರು ನಮ್ಮವರೇ. ಸಂಡೂರಿನ ಎಂ.ವೈ. ಘೋರ್ಪಡೆ (1931–2011) ದೇವರಾಜ ಅರಸು ಸರ್ಕಾರದಲ್ಲಿ ಹಣಕಾಸು ಸಚಿವರಾಗಿದ್ದರು. ಅಂಕಿಗಳ ನಡುವೆಯೇ ಕಾಡಿಗೆ ಹೋಗಿ ಕಪ್ಪು ಬಿಳುಪಿನಲ್ಲಿ ಆನೆ, ಚಿರತೆ ತೆಗೆದ ದೊಡ್ಡ ವನ್ಯಜೀವಿ ಛಾಯಾಗ್ರಾಹಕರೂ ಹೌದು. ಕನ್ನಡ ನೆಲದಲ್ಲಿ ಈ ಕಲೆಗೆ ಒಳ್ಳೆಯ ಪರಂಪರೆಯಿದೆ: ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಹಿಂದೆ ಬಿದ್ದ ಪೂರ್ಣಚಂದ್ರ ತೇಜಸ್ವಿ. ಫಿಲಂ ರೋಲಿಗೆ ಮೂವತ್ತಾರೇ ಚಿತ್ರಗಳಿದ್ದ ಕಾಲ ಅದು. ಇವತ್ತು ಒಂದು ಕೊಕ್ಕರೆ ರೆಕ್ಕೆ ಬಡಿಯುವಷ್ಟರಲ್ಲಿ ಮೂವತ್ತಾರು ತೆಗೆದು ಮುಗಿಸಿರುತ್ತೇವೆ.

ಉಡ ಬೆಳಗಿನ ಬಿಸಿಲಿಗೆ ದಡದ ಜಾಲಿಮರದ ಬುಡದಲ್ಲಿ ಚಪ್ಪಟೆಯಾಗಿ ಬಿದ್ದಿರುತ್ತದೆ. ಮೈ ಕಾದ ಮೇಲೆ ಎಬ್ಬಿಸಿದರೆ ಬಿಲ ಸೇರುತ್ತದೆ. ಕಾಯುವ ಮೊದಲು ಎಬ್ಬಿಸುವುದು ಪಾಪ, ಅದಕ್ಕೆ ಓಡುವ ಶಕ್ತಿಯೂ ಇರುವುದಿಲ್ಲ. ಅದಾಗಿಯೇ ಎದ್ದು ಸೀಳುನಾಲಗೆ ಚಾಚುತ್ತ ಏಡಿ, ಮೊಟ್ಟೆ ಹುಡುಕಿಕೊಂಡು ಹೊರಟಾಗ ಹಿಂದೆ ಬೀಳದೆ ಅದರ ದಾರಿಯ ಮುಂದೆ ದೂರದಲ್ಲಿ ಕೂತರೆ ಎದುರು ಮುಖದ ಚಿತ್ರ ಸಿಗುತ್ತದೆ. ಗಡುಸು ಬೆಳಕಿನ ದೂರು ಇಲ್ಲಿ ಬೇಡ. ಹಕ್ಕಿಯ ಗರಿಗೆ ಹೊಂದದ ಓರೆ ಬಿಸಿಲು ಉಡದ ಚರ್ಮದ ಒಂದೊಂದು ಮಣಿಯನ್ನೂ ಎತ್ತಿ ತೋರಿಸುತ್ತದೆ.

ಚಳಿಗಾಲದಲ್ಲಿ ಸಿಗದ ಒಬ್ಬನಿದ್ದಾನೆ. ಮಹಾರಾಷ್ಟ್ರದ ಒಣ ಬಯಲುಗಳ ಬೀಸಣಿಗೆ ಗಂಟಲಿನ ಓತಿ. ಮಾರ್ಚ್ ಕಳೆದು ನೆಲ ಕಾದಾಗ ಗಂಡು ಕಲ್ಲಿನ ಮೇಲೆ ನಿಂತು ನೀಲಿ, ಕಪ್ಪು, ಕೆಂಪು ಬಣ್ಣದ ಗಂಟಲನ್ನು ಬೀಸಣಿಗೆಯಾಗಿ ಬಿಚ್ಚುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರವೀಣ್ ಕಾರಂತ್, ಅಲ್ಲೇ ಕೆಲಸ ಮಾಡಿದ ವಿ. ದೀಪಕ್, ಮಹಾರಾಷ್ಟ್ರದ ವರದ ಗಿರಿ ಮೊದಲಾದವರು 2016ರಲ್ಲಿ ಇವುಗಳಲ್ಲಿ ಕೆಲವನ್ನು ಬೇರೆಯೇ ಕುಲವೆಂದು ಗುರುತಿಸಿ ಅದಕ್ಕೆ 'ಸರಡಾ' ಎಂದು ಹೆಸರಿಟ್ಟರು. ಊರಿನವರು ಓತಿಗೆ ಕರೆಯುವ ಹೆಸರೇ. ಹಕ್ಕಿಯವರು ಊರಿಗೆ ಮರಳಿದ ಮೇಲೆ, ಜೌಗಿನ ಸುತ್ತಲಿನ ಒಣನೆಲ ನೋಡಬೇಕಾದ ಕಾಲ ಏಪ್ರಿಲ್, ಮೇ.

ಕೊಳಕುಮಂಡಲದ ಬಗ್ಗೆ ಎಚ್ಚರಿಕೆ ಬೇಕೇಬೇಕು. ದಡದ ಒಣ ಹುಲ್ಲಿನಲ್ಲಿ ಮಲಗಿ ಚಿತ್ರ ತೆಗೆಯುವವರು ಮಲಗುವ ಮೊದಲು ಕೋಲಿನಿಂದ ನೆಲ ತಟ್ಟಬೇಕು. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿರಬಹುದೆಂದು 2020ರ ಒಂದು ಅಧ್ಯಯನ ಅಂದಾಜು ಮಾಡಿತು. ಅವರಲ್ಲಿ ಬಹುಪಾಲು ಹಳ್ಳಿಯವರು, ಹೊಲದಲ್ಲಿ ದುಡಿಯುವವರು. ಮಹಾರಾಷ್ಟ್ರದಲ್ಲಿ ಮನೆಗೆ ಹಾವು ಬಂದರೆ ಹಿಡಿದು ಬಿಡುವವರನ್ನು 'ಸರ್ಪಮಿತ್ರ' ಎನ್ನುತ್ತಾರೆ. ಅವರ ಕೆಲಸ ದೊಡ್ಡದು. ಆದರೆ ಅವರು ಹಿಡಿದ ಹಾವನ್ನು ಕಲ್ಲಿನ ಮೇಲೆ ಬಿಡಿಸಿ, ಬಾಲ ಎಳೆದು, ಹೆಡೆ ಎತ್ತಿಸಿ ತೆಗೆದ ಚಿತ್ರಗಳನ್ನು 'ಕಾಡಿನ ಕ್ಷಣ' ಎಂದು ಹಂಚುವುದಿದೆಯಲ್ಲ, ಅದಕ್ಕಿಂತ ಸ್ಟುಡಿಯೋದ ಮದುವೆ ಫೋಟೋ ಪ್ರಾಮಾಣಿಕ. ಅಲ್ಲಿ ಮದುಮಗಳಿಗೆ ಕ್ಯಾಮೆರಾ ಇರುವುದು ಗೊತ್ತಿರುತ್ತದೆ.

ನಾಥನ ಸಾಗರ

ನಾಂದೂರಿನಿಂದ ಪೂರ್ವಕ್ಕೆ, ಛತ್ರಪತಿ ಸಂಭಾಜಿನಗರ ಜಿಲ್ಲೆಯ ಕಡೆ ಹೊರಟರೆ ಯೇವಲಾ ಸಿಗುತ್ತದೆ. ಪೈಠಣದಷ್ಟೇ, ಇವತ್ತು ಅದಕ್ಕಿಂತಲೂ ಹೆಚ್ಚಾಗಿ, ಪೈಠಣಿ ಸೀರೆಯ ಮಗ್ಗಗಳ ಊರು. ಸೆರಗಿನ ಮೇಲೆ ನವಿಲು, ಗಿಳಿ, ಹಂಸ. ನಾನು ನೋಡಿದ ಸೆರಗುಗಳಲ್ಲಿ ಆಮೆಯೂ ಇರಲಿಲ್ಲ, ಉಡವೂ ಇರಲಿಲ್ಲ. ಸರೀಸೃಪಗಳಿಗೆ ಜರತಾರಿಯ ಯೋಗವಿಲ್ಲ.

ನಾಂದೂರನ್ನು ನೋಡಿ ಪೈಠಣಕ್ಕೆ ಹೋದವನಿಗೆ ಮೊದಲು ಆಗುವುದು ದಿಕ್ಕುಗಾಣದ ಅನುಭವ. 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿ, 1976ರಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದ ಜಾಯಕವಾಡಿ ಅಣೆಕಟ್ಟು ಉದ್ದದಲ್ಲಿ ಹೆಚ್ಚುಕಡಿಮೆ 10 ಕಿಲೋಮೀಟರ್, 27 ಗೇಟು, ಸುಮಾರು 102 ಟಿಎಂಸಿ ನೀರು. ಹಿಂದಿನ ಜಲಾಶಯಕ್ಕೆ ಪೈಠಣದ ಸಂತ ಏಕನಾಥನ ಹೆಸರು, ನಾಥಸಾಗರ. ಅಣೆಕಟ್ಟಿನ ಕೆಳಗಿನ ಜ್ಞಾನೇಶ್ವರ ಉದ್ಯಾನವನ್ನು ನಮ್ಮ ಬೃಂದಾವನದ ಮಾದರಿಯಲ್ಲಿ ಮಾಡಿದ್ದಾರೆ, ನೋಡಿದವರಿಗೆ ಗುರುತು ಹತ್ತುತ್ತದೆ. 1986ರಲ್ಲಿ ಜಲಾಶಯ ಮತ್ತು ಅಂಚು ಸೇರಿ ಸುಮಾರು 341 ಚದರ ಕಿಲೋಮೀಟರ್ ಪಕ್ಷಿಧಾಮವಾಯಿತು. ಅಷ್ಟು ದೊಡ್ಡ ನೀರಿನ ಮುಂದೆ 600 ಮಿಲಿಮೀಟರ್ ಲೆನ್ಸ್ ಹಿಡಿದು ನಿಂತರೆ ಹಕ್ಕಿಗಳು ಚುಕ್ಕಿಗಳು.

ಇಲ್ಲಿಯೂ ಗುಟ್ಟು ಅಂಚಿನಲ್ಲೇ. ಊರಿನವರು ನೀರನ್ನು ಅಡಿಯಲ್ಲಿ ಹೇಳುತ್ತಾರೆ. 1522 ಅಡಿ ಎಂದರೆ ತುಂಬಿತು. ಡಿಸೆಂಬರಿನಿಂದ ನೀರು ಇಳಿಯುತ್ತ ಹೋದ ಹಾಗೆ ಮೈಲುಗಟ್ಟಲೆ ಕರಿಯ ಹೂಳು ನೆಲ ತೆರೆದುಕೊಳ್ಳುತ್ತದೆ. ಅದಕ್ಕೆ ಗಾಳಪೇರ ಎನ್ನುತ್ತಾರೆ. ಹೂಳಿಗೆ ಬಿತ್ತುವ ಜಮೀನು. ಕಡಲೆ, ಗೋಧಿ, ಜೋಳ ಬಿತ್ತುತ್ತಾರೆ. ಬೆಳೆಗೆ ಗೊಬ್ಬರವೇ ಬೇಡ ಎನ್ನುವಷ್ಟು ಕಸುವಿರುವ ಮಣ್ಣು. ಅದೇ ನೆಲ ಕರ್ಕರ ಕೊಕ್ಕರೆಗಳಿಗೂ ಬೇಕು, ಹೆಬ್ಬಾತುಗಳಿಗೂ ಬೇಕು. ಪಕ್ಷಿಧಾಮದೊಳಗೆ ಬಿತ್ತನೆ ಮಾಡಬಾರದೆಂದು ಅರಣ್ಯದವರು, ಮುಳುಗಿದ್ದು ನಮ್ಮ ಅಜ್ಜಂದಿರ ಜಮೀನೆಂದು ರೈತರು. ಅಣೆಕಟ್ಟಿಗೆ ನೂರಕ್ಕೂ ಹೆಚ್ಚು ಹಳ್ಳಿಗಳು ಮುಳುಗಿದ್ದು ನಿಜವಾದ್ದರಿಂದ ಈ ವಾದದಲ್ಲಿ ಹಕ್ಕಿಯವರ ಪರ ಸಲೀಸಾಗಿ ನಿಲ್ಲುವುದು ನನ್ನಿಂದಾಗದು.

ರಾಜಹಂಸಗಳು ಬಂದರೆ ಇಂಥ ಇಳಿದ ನೀರಿನ ಕೊಲ್ಲಿಗಳಲ್ಲೇ ಇಳಿಯುತ್ತವೆ. ಕೊಕ್ಕನ್ನು ತಲೆಕೆಳಗಾಗಿಸಿ ಕೆಸರು ಸೋಸುವ ಅವಕ್ಕೆ ಬೇಕಾದದ್ದೂ ಮೊಣಕಾಲುದ್ದ ನೀರು, ಮನುಷ್ಯನ ಮೊಣಕಾಲಲ್ಲ, ಅವುಗಳದೇ. ಬೇಸಿಗೆ ಬಲಿತು ನಡುಗಡ್ಡೆಗಳು ಮೇಲೆದ್ದರೆ ನದಿ ರೀವಗಳಿಗೆ ಮೊಟ್ಟೆ ಇಡಲು ಬರಿ ನೆಲ ಸಿಗುತ್ತದೆ. ನಮ್ಮ ಭದ್ರಾ ಹಿನ್ನೀರಿನಲ್ಲಿ ಲಕ್ಕವಳ್ಳಿಯಿಂದ ದೋಣಿಯಲ್ಲಿ ಹೋದವರು ರೀವಗಳ ನಡುಗಡ್ಡೆಯನ್ನು ಕಂಡಿರುತ್ತಾರೆ. ಅಲ್ಲಿಯೂ ಇದೇ ಲೆಕ್ಕ: ನೀರು ಇಳಿದರೆ ಗೂಡು, ಹೊತ್ತಲ್ಲದ ಹೊತ್ತಿಗೆ ಏರಿದರೆ ಮೊಟ್ಟೆ ನೀರುಪಾಲು.

ಈಗ ಈ ನೀರಿನ ಮೇಲೆ ಇನ್ನೊಂದು ಪದರ ಬರಲಿದೆ. ನಾಥಸಾಗರದ ಮೇಲೆ ತೇಲುವ ಸೌರಫಲಕಗಳನ್ನು ಹಾಸುವ ಯೋಜನೆಯ ವಿರುದ್ಧ ಮೀನುಗಾರ ಕಹಾರ ಸಮಾಜದ ಸಮಿತಿ ಹಸಿರು ನ್ಯಾಯಮಂಡಳಿಗೆ ಹೋಯಿತು, ಅಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಮೇ ತಿಂಗಳಲ್ಲಿ ಅಲ್ಲೂ ಅರ್ಜಿ ವಜಾ ಆಯಿತು. ಕಲ್ಲಿದ್ದಲು ಸುಡದ ವಿದ್ಯುತ್ತು ಬೇಡವೆನ್ನಲು ಯಾರಿಗೆ ಬಾಯಿ ಬರುತ್ತದೆ? ಆದರೆ ಬಲೆ ಬೀಸುವವನಿಗೆ ಜಾಗ ಎಷ್ಟು ಉಳಿಯುತ್ತದೆಂದು ಅವನಿಗೆ ಮೊದಲೇ ಹೇಳುವುದು ಕಷ್ಟದ ಕೆಲಸವೇನಲ್ಲ. ಮೇಲೆ ನಾಂದೂರಿನಲ್ಲಿ ನೀರಿನ ಮೇಲಿನ ಪದರ ಬೇರೆ ತರಹದ್ದು. ನಾಸಿಕ್ ನಗರದ ಕೊಳಚೆ ಉಂಡು ಕೊಬ್ಬಿದ ಅಂತರಗಂಗೆ, ಅಲ್ಲಿಯವರ ಜಲಪರ್ಣಿ. 2027ರ ಕುಂಭಮೇಳಕ್ಕೆ ಗೋದಾವರಿ ಶುದ್ಧವಾಗಬೇಕೆಂಬ ಮಾತು ಜೋರಾಗಿದೆ. ಮೇಳ ನಡೆಯುವ ಘಾಟಿನಿಂದ ಕೆಳಗೂ ಆ ಮಾತು ಹರಿದು ಬಂದರೆ ಜೌಗಿಗೂ ಲಾಭ.

ಪೈಠಣದ ಹತ್ತಿರದ ಒಂದು ದಡದಲ್ಲಿ ವಯಸ್ಸಾದ ಮೀನುಗಾರ ಹೆಂಗಸೊಬ್ಬಳು ಬಲೆ ಬಿಡಿಸುತ್ತಿದ್ದಳು. ಬಲೆಯಲ್ಲಿ ಅಂಗೈಯಗಲದ ಆಮೆ ಸಿಕ್ಕಿಕೊಂಡಿತ್ತು. ಬೈಯುತ್ತಲೇ ಒಂದೊಂದು ಎಳೆ ಬಿಡಿಸಿ ಅದನ್ನು ಕೆಸರಿನ ಮೇಲೆ ಬಿಟ್ಟಳು. ನಾನು ಮಲಗಿ ಚಿತ್ರ ತೆಗೆಯುವುದನ್ನು ನೋಡಿ ನಕ್ಕಳು.

"ಹಂಸದ ಫೋಟೋಕ್ಕೆ ಬರೋರನ್ನ ನೋಡಿದೀನಿ ಬಾಬಾ. ಇದರದ್ದು ತಗೊಂಡು ಏನ್ ಮಾಡ್ತೀಯ?"

"ಪೇಪರಿಗೆ, ಮಾವಶಿ."

"ಪೇಪರಿಗಾ? ಹಾಗಾದ್ರೆ ಬರಿ, ಇದು ಈ ವಾರ ನನ್ನ ಮೂರನೇ ಬಲೆ ಹರಿದಿದೆ ಅಂತ."